ಚಕ್ಕುಲಿಯ ಪೊರೆ

ಎಂಟನೆಯ ತರಗತಿಗೆ ವಾಯುಗೋಳದ ಪಾಠ ಮಾಡುವಾಗ "ಸಾಪೇಕ್ಷ ಆರ್ದ್ರತೆ ಎಂದರೇನು?" ಎಂಬ ಪ್ರಶ್ನೆಗೆ ಮೂವತ್ತು ವರ್ಷಗಳಿಂದ ನಾನು ಉತ್ತರ ಬರೆಸುತ್ತ ಬಂದಿದ್ದೇನೆ. ಒಂದು ಉಷ್ಣಾಂಶದಲ್ಲಿ ಗಾಳಿಯಲ್ಲಿರುವ ನೀರಾವಿಗೂ, ಅದೇ ಉಷ್ಣಾಂಶದಲ್ಲಿ ಆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ನೀರಾವಿಗೂ ಇರುವ ಅನುಪಾತ. ಎರಡು ಅಂಕದ ಪ್ರಶ್ನೆ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಿದ್ದರು, ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಅದು ಅವರಿಗೂ ಅರ್ಥವಾಗಿರಲಿಲ್ಲ, ನನಗೂ ಆಗಿರಲಿಲ್ಲ ಎಂದು ಈಗ ಒಪ್ಪಿಕೊಂಡರೆ ನಷ್ಟವೇನೂ ಇಲ್ಲ, ನಿವೃತ್ತಿ ಹತ್ತಿರ ಬಂತು. ನನಗೆ ಅದು ಅರ್ಥವಾದದ್ದು 2025ರ ಜನವರಿಯಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ. ಅರ್ಥ ಮಾಡಿಸಿದ್ದು ಒಂದು ಹಾವು.

ಹಾವು ಎಂದೊಡನೆ ಪುಟ ಮಗುಚಬೇಡಿ. ನಾನೂ ನಿಮ್ಮ ಹಾಗೆಯೇ. ತಿಪಟೂರಿನ ನಮ್ಮ ಮನೆಯ ಹಿಂದೆ ತೆಂಗಿನ ತೋಟ. ಹಾವು ಕಾಣಿಸಿಕೊಂಡ ದಿನ ನಮ್ಮವರು ಕೋಲು ಹಿಡಿದು ಹೊರಗೆ ನಿಂತರೆ, ನಾನು ಒಳಗೆ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಕೂರುವವಳು. ನಾಗರಪಂಚಮಿಯ ದಿನ ಹುತ್ತಕ್ಕೆ ತನಿ ಎರೆಯುವಾಗಲೂ ಒಂದು ಕಣ್ಣು ಹುತ್ತದ ಬಾಯಿಯ ಮೇಲೆ, ಇನ್ನೊಂದು ಓಡುವ ದಾರಿಯ ಮೇಲೆ. ಭಕ್ತಿ ಬೇರೆ, ಧೈರ್ಯ ಬೇರೆ.

ಮಗಳ ಎರಡನೆಯ ಬಾಣಂತನಕ್ಕೆಂದು ಮೂರು ತಿಂಗಳ ಗಳಿಕೆ ರಜೆ ಹಾಕಿ ಡಿಸೆಂಬರಿನಲ್ಲಿ ಹೊರಟೆ. ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಜೆ, ಅರಿಶಿನದ ಕೊಂಬು ಎಲ್ಲ ಕಟ್ಟಿಕೊಂಡು ಹೋದವಳಿಗೆ, ಆ ಮನೆಯಲ್ಲಿ ಒಂದು ಹೆಬ್ಬಾವು ಇದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲ ಎಂದು ಮಗಳಿಗೆ ಗೊತ್ತು. ಮೊದಲ ದಿನ ಒಂಬತ್ತು ವರ್ಷದ ಮೊಮ್ಮಗ ನನ್ನ ಕೈ ಹಿಡಿದು ತನ್ನ ಕೋಣೆಗೆ ಕರೆದುಕೊಂಡು ಹೋಗಿ, "ಅಜ್ಜಿ, ಇವನು ಚಕ್ಕುಲಿ" ಎಂದ. ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆ. ಒಳಗೆ ಕಂದು ಕಪ್ಪು ಬಣ್ಣದ್ದೇನೋ ಸುತ್ತಿಕೊಂಡು ಬಿದ್ದಿತ್ತು. ಎಣ್ಣೆಯಲ್ಲಿ ಸ್ವಲ್ಪ ಹೆಚ್ಚೇ ಬೆಂದ ಚಕ್ಕುಲಿಯ ಹಾಗೆ ಅಂತಲೇ ನನಗೂ ಅನ್ನಿಸಿತು. ಆಮೇಲೆ ಅದು ತಲೆ ಎತ್ತಿತು. ನಾನು ಅಡುಗೆಮನೆ ಸೇರಿದ್ದು ಹೇಗೆಂದು ಈಗಲೂ ನೆನಪಿಲ್ಲ.

ಅದರ ಜಾತಿಗೆ ಬಾಲ್ ಪೈಥಾನ್ ಎನ್ನುತ್ತಾರೆ. ಹೆದರಿದಾಗ ತಲೆಯನ್ನು ನಡುವೆ ಮುಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಹೆಬ್ಬಾವಿನ ವಂಶವಾದರೂ ಬೆಳೆದರೆ ನಾಲ್ಕೈದು ಅಡಿ, ಅಷ್ಟೆ. ವಿಷವಿಲ್ಲ. ಮೂಲ ಊರು ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆ. ಅಮೆರಿಕದಲ್ಲಿ ಇವನ್ನು ಮನೆಯಲ್ಲೇ ಮರಿ ಮಾಡಿಸಿ ಮಾರುತ್ತಾರೆ, ನಾವು ಗಿಣಿ, ಮೀನು ಸಾಕಿದ ಹಾಗೆ ಸಾಕುತ್ತಾರೆ. ನಮ್ಮ ಕಾಡುಮೇಡಿನ ಹಾವನ್ನು ಹಿಡಿದು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ಅಳಿಯಂದಿರಿಗೆ ನಾನು ಗಂಭೀರವಾಗಿ ಹೇಳಿದೆ. ಅವರು, "ಇದು ಇಲ್ಲಿ ಕಾನೂನಿನ ಪ್ರಕಾರವೇ ಇದೆ ಅತ್ತೆ, ನೀವು ಹೆದರಬೇಡಿ" ಎಂದು ನಕ್ಕರು. ಅದರ ಊಟದ ವಿಚಾರ ನಾನು ಬರೆಯುವುದಿಲ್ಲ. ನೆಲಮಾಳಿಗೆಯಲ್ಲಿ ಬೇರೆಯೇ ಒಂದು ಚಿಕ್ಕ ಫ್ರೀಜರ್ ಇತ್ತು, ನಾನು ಅದರ ಬಾಗಿಲು ತೆರೆಯಲಿಲ್ಲ. ಹಾಲನ್ನಂತೂ ಅದು ಕುಡಿಯುವುದಿಲ್ಲ. ಯಾವ ಹಾವೂ ಹಾಲಿಗಾಗಿ ಬರುವುದಿಲ್ಲವಂತೆ. ಹುತ್ತಕ್ಕೆ ಎರೆದ ಲೀಟರುಗಟ್ಟಲೆ ಹಾಲು ನೆನಪಾಗಿ ಸುಮ್ಮನಾದೆ.

ದೂರದಿಂದಲೇ ಸರಿ, ದಿನ ಕಳೆದಂತೆ ಬಾಗಿಲಲ್ಲಿ ನಿಂತು ನೋಡತೊಡಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾವಲ್ಲ, ಹುಡುಗ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಪೆಟ್ಟಿಗೆಯೊಳಗಿನ ಮಾಪಕ ನೋಡಿ ಒಂದು ನೋಟ್ ಪುಸ್ತಕದಲ್ಲಿ ಎರಡು ಅಂಕಿ ಬರೆಯುತ್ತಿದ್ದ. ಒಂದು ಬಿಸಿ, ಇನ್ನೊಂದು ತೇವ. ಪೆಟ್ಟಿಗೆಯ ಒಂದು ತುದಿ ಸುಮಾರು 32 ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ತುದಿ 25ರ ಹತ್ತಿರ ತಣ್ಣಗಿರಬೇಕು. ಹಾವಿಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ, ಬೇಕಾದಾಗ ಬೇಕಾದ ಕಡೆ ಹೋಗಿ ಮಲಗುತ್ತದೆ. ತೇವ ಶೇಕಡಾ 60ರ ಆಸುಪಾಸು. ಪೊರೆ ಬಿಡುವ ಕಾಲಕ್ಕೆ 70. ತನ್ನ ಹಲ್ಲುಜ್ಜಲು ನಾಲ್ಕು ಸಲ ಕೂಗಿಸಿಕೊಳ್ಳುವ ಹುಡುಗ ಈ ಅಂಕಿಗಳನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನನ್ನ ಶಾಲೆಯ ಹಾಜರಿ ಪುಸ್ತಕವೂ ಅಷ್ಟು ಚೊಕ್ಕಟವಾಗಿಲ್ಲ.

ಇನ್ನು ಆ ಊರಿನ ಚಳಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮನೆಯೊಳಗೆ ಫರ್ನೇಸಿನ ಬಿಸಿ ಗಾಳಿ ಹಗಲೂ ರಾತ್ರಿ ಬುಸುಗುಡುತ್ತಿರುತ್ತದೆ. ಸುತ್ತ ಮಂಡಿಯುದ್ದ ಹಿಮ, ಅಂದರೆ ನೀರೇ ನೀರು. ಆದರೂ ನನ್ನ ತುಟಿ ಒಡೆದು ರಕ್ತ ಬಂತು. ಹಿಮ್ಮಡಿ ಬಿರುಕು ಬಿಟ್ಟಿತು. ಸೀರೆ ಬಿಚ್ಚಿದರೆ ಚಟಪಟ ಕಿಡಿ, ಬಾಗಿಲ ಹಿಡಿಕೆ ಮುಟ್ಟಿದರೆ ಚಿಟ್ಟನೆ ಷಾಕು. ರಾತ್ರಿ ಒಗೆದು ಹರವಿದ ಬಟ್ಟೆ ಬೆಳಗ್ಗೆಗೆ ಹಪ್ಪಳ. ಇಲ್ಲಿ ಸಂಡಿಗೆ ಇಟ್ಟರೆ ಬಿಸಿಲೇ ಬೇಡ ಎಂದು ಮಗಳಿಗೆ ಹೇಳಿ ನಕ್ಕಿದ್ದೆ.

ಕಾರಣ ಹೇಳಿದ್ದು ಅಳಿಯಂದಿರು. ಅಷ್ಟು ತಣ್ಣನೆಯ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿಯೇ ಇಲ್ಲ. ಒಂದು ಘನ ಮೀಟರಿಗೆ ಹೆಚ್ಚೆಂದರೆ 1 ಗ್ರಾಂ. ಅದೇ ಗಾಳಿಯನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಅದು 17 ಗ್ರಾಂ ಕೇಳುತ್ತದೆ, ಇರುವುದು ಮಾತ್ರ ಆ ಒಂದೇ ಗ್ರಾಂ. ಇನ್ನು ಉಳಿದದ್ದನ್ನು ಎಲ್ಲಿ ಸಿಕ್ಕರೆ ಅಲ್ಲಿ ಹೀರುತ್ತದೆ. ನಮ್ಮ ತುಟಿಯಿಂದ, ಮರದ ಬಾಗಿಲಿನಿಂದ, ಕುಂಡದ ಮಣ್ಣಿನಿಂದ. ಚಿಕ್ಕ ಸಂಬಳದವನಿಗೆ ದೊಡ್ಡ ಮನೆ ಕೊಟ್ಟ ಹಾಗೆ, ನೋಡಿ. "ಸಾಪೇಕ್ಷ" ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಅಷ್ಟು ವರ್ಷ ಬರೆದವಳು ಅಂದು ಬಾಯಿ ತೆರೆದು ಕೇಳಿದೆ.

ಹುಡುಗನ ಕೋಣೆಯಲ್ಲಿ ಅದಕ್ಕೇ ಒಂದು ಮಂಜು ಉಗುಳುವ ಯಂತ್ರ ಇತ್ತು. ಹ್ಯೂಮಿಡಿಫೈಯರ್. ಕೋಣೆಯ ಗಾಳಿಯೇ ತೀರ ಒಣಗಿದ್ದರೆ ಪೆಟ್ಟಿಗೆಯ ತೇವ ನಿಲ್ಲುವುದಿಲ್ಲ. ಪೆಟ್ಟಿಗೆಯ ಮೇಲಿನ ಜಾಲರಿ ಮುಚ್ಚಳದ ಮುಕ್ಕಾಲು ಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಹೊದಿಸಿದ್ದ, ತೇವ ಮೇಲಿಂದ ಹಾರಿಹೋಗದಿರಲಿ ಎಂದು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಮೊದಲೇ ತಿಳಿದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಜನವರಿ ಮೊದಲ ವಾರದಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಮೂರು ದಿನ ಹುಡುಗ ಗೆಳೆಯನ ಮನೆಯಲ್ಲಿದ್ದ. ಆ ಮೂರು ದಿನದಲ್ಲಿ ನಾನು ಮನೆ ಚೊಕ್ಕ ಮಾಡಿದೆ. ಕೂಸು ಬರುವ ಮನೆ, ಧೂಳಿರಬಾರದು ನೋಡಿ. ಅವನ ಕೋಣೆಯನ್ನೂ ಬಿಡಲಿಲ್ಲ. ಧೈರ್ಯ ಮಾಡಿ ಪೆಟ್ಟಿಗೆಯ ಹತ್ತಿರವೇ ಹೋಗಿ, ಮುಚ್ಚಳದ ಮೇಲಿದ್ದ ಸುಕ್ಕುಗಟ್ಟಿದ ಹಾಳೆ ತೆಗೆದು ಕಸದ ಬುಟ್ಟಿಗೆ ಹಾಕಿದೆ. ಪಾಪ, ಹಾವಾದರೇನು, ಅದಕ್ಕೂ ಗಾಳಿ ಬೇಡವೇ ಎಂದು ನನ್ನ ಬುದ್ಧಿವಂತಿಕೆ.

ಕೂಸು ಮನೆಗೆ ಬಂದ ಎರಡನೆಯ ರಾತ್ರಿ ಅದಕ್ಕೆ ಮೂಗು ಕಟ್ಟಿತು. ಎರಡು ಗುಟುಕು ಹಾಲು ಕುಡಿಯುವುದು, ಉಸಿರಿಗೆ ಬಾಯಿ ಬಿಡುವುದು, ಅಳುವುದು. ಮಗಳೂ ಅಳತೊಡಗಿದಳು. ವೈದ್ಯರು ಫೋನಿನಲ್ಲಿ ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ಕೋಣೆಯ ಗಾಳಿಗೆ ತೇವ ಕೊಡಿ ಎಂದರು. ತೇವದ ಯಂತ್ರ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮಾರನೆಯ ದಿನ ಹುಡುಗ ಶಾಲೆಗೆ ಹೋದ ಮೇಲೆ ಅದನ್ನು ಕಿತ್ತು ತಂದು ಬಾಣಂತಿ ಕೋಣೆಯಲ್ಲಿಟ್ಟೆ. ಸಂಜೆಯೊಳಗೆ ಕೂಸು ಹಾಯಾಗಿ ಹಾಲು ಕುಡಿದು ಮಲಗಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹುಡುಗ ಬಂದ. ತನ್ನ ಕೋಣೆಗೆ ಹೋದ. ಹೊರಗೆ ಬಂದು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಯಂತ್ರವನ್ನು ನೋಡಿದ, ತಂಗಿಯನ್ನು ನೋಡಿದ. "ಸದ್ದು ಮಾಡಬೇಡ ಪುಟ್ಟಾ, ಈಗಷ್ಟೇ ಮಲಗಿದೆ" ಎಂದೆ. ತಲೆಯಾಡಿಸಿ ಹೋದ. ಒಂದು ಮಾತು ಕೇಳಲಿಲ್ಲ. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳು ನಾನು. ಗಲಾಟೆ ಮಾಡುವ ಹುಡುಗನನ್ನು ಹಿಂದಿನ ಬೆಂಚಿನಲ್ಲಿದ್ದರೂ ಗುರುತಿಸುತ್ತೇನೆ, ಸುಮ್ಮನಿರುವ ಹುಡುಗ ಮಾತ್ರ ಯಾವಾಗಲೂ ನನ್ನ ಕಣ್ಣು ತಪ್ಪಿಸುತ್ತಾನೆ.

ಆ ಹತ್ತು ಹನ್ನೆರಡು ದಿನ ನನಗೆ ಬೇರೆ ಲೋಕವೇ ಇರಲಿಲ್ಲ. ಎಣ್ಣೆ ನೀರು, ಬಾಣಂತಿ ಖಾರ, ಕೂಸಿನ ಬಟ್ಟೆ. ಎಲ್ಲ ಕೂಸುಗಳ ಹಾಗೆ ಇದರ ಮೈಯ ಮೇಲ್ದೊಗಲೂ ಮೊದಲ ವಾರಗಳಲ್ಲಿ ಪುಡಿಪುಡಿಯಾಗಿ ಏಳುತ್ತಿತ್ತು. ಹುಡುಗ ಪಕ್ಕದಲ್ಲಿ ಕೂತು ನೋಡುತ್ತಿದ್ದವನು, "ಅಜ್ಜಿ, ತಂಗಿನೂ ಪೊರೆ ಬಿಡ್ತಿದಾಳೆ" ಎಂದ. ನಾನು ನಕ್ಕುಬಿಟ್ಟೆ. "ತಂಗಿನೂ" ಎಂದದ್ದು ಯಾಕೆ ಎಂದು ಕೇಳಬೇಕಿತ್ತು. ಚಕ್ಕುಲಿಯ ಮೈ ಮಂಕಾಗಿ, ಹೊಟ್ಟೆ ನಸುಗೆಂಪಾಗಿ, ಕಣ್ಣು ಹಾಲು ಹನಿಸಿದ ಹಾಗೆ ನೀಲಿಗಟ್ಟಿ ನಾಲ್ಕು ದಿನವಾಗಿತ್ತು. ಹಾವು ಪೊರೆ ಬಿಡುವ ಲಕ್ಷಣ ಅದು. ಹಳೆಯ ಚರ್ಮಕ್ಕೂ ಹೊಸದಕ್ಕೂ ನಡುವೆ ತೆಳ್ಳನೆಯ ದ್ರವ ತುಂಬಿಕೊಳ್ಳುತ್ತದೆ, ಅದರ ದೆಸೆಯಿಂದ ಎರಡೂ ಬೇರೆಯಾಗುತ್ತವೆ. ಆಮೇಲೆ ಕಣ್ಣು ತಿಳಿಯಾಗುತ್ತದೆ. ಕೆಲವು ದಿನದ ನಂತರ ಹಾವು ಮೂತಿಯನ್ನು ಒರಟು ಜಾಗಕ್ಕೆ ತಿಕ್ಕಿ, ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾಗಿ ಇಡೀ ಪೊರೆಯನ್ನು ಒಂದೇ ತುಂಡಾಗಿ ಬಿಟ್ಟು ಹೊರಬರುತ್ತದೆ. ಗಾಳಿಯಲ್ಲಿ ಸಾಕಷ್ಟು ತೇವ ಇದ್ದರೆ ಮಾತ್ರ.

ಒಂದು ಶನಿವಾರ ಬೆಳಗ್ಗೆ ಅವನ ಕೋಣೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಹೋಗಿ ನೋಡಿದೆ. ಪೆಟ್ಟಿಗೆಯ ತುಂಬ ಒಣ ಈರುಳ್ಳಿ ಸಿಪ್ಪೆಯಂಥ ಚೂರುಗಳು. ಹಾವಿನ ಮೈಮೇಲೆ ಅಲ್ಲಲ್ಲಿ ಹಳೆಯ ಪೊರೆ ಸುಣ್ಣದ ಗೋಡೆಯ ಹಾಗೆ ಚಕ್ಕೆಯೆದ್ದು ನಿಂತಿತ್ತು. ಹುಡುಗ ತೋರಿಸಿದ, "ಎಡಗಣ್ಣು ನೋಡು ಅಜ್ಜಿ." ಒಂದು ಕಣ್ಣು ಕರಿಮಣಿಯ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಮಬ್ಬು. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ, ಪೊರೆಯ ಜೊತೆಗೆ ಅದೂ ಕಳಚಬೇಕು. ಎಡಗಣ್ಣಿನದು ಕಳಚಿರಲಿಲ್ಲ. ನಾವು ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತೇವಲ್ಲ, ಅದಕ್ಕೆ ನಿಜವಾಗಿಯೂ ಬಂದಿತ್ತು.

"ಒಂದು ಚಿಮಟಿಗೆ ತಾ, ಮೆಲ್ಲಗೆ ತೆಗೆದುಬಿಡೋಣ" ಎಂದೆ. ಮುಳ್ಳು ತೆಗೆದು ಅಭ್ಯಾಸವಿರುವ ಕೈ ನನ್ನದು. ಹುಡುಗ ಪೆಟ್ಟಿಗೆಗೆ ಅಡ್ಡ ನಿಂತುಬಿಟ್ಟ. "ಬೇಡ ಅಜ್ಜಿ! ಎಳೆದರೆ ಅವನ ಕಣ್ಣೇ ಹಾಳಾಗುತ್ತೆ." ಅವನು ನನ್ನ ಎದುರು ದನಿ ಎತ್ತಿದ್ದು ಅದೊಂದೇ ಸಲ. ಅಳಿಯಂದಿರು ಹಾವು ಹಲ್ಲಿ ನೋಡುವ ಪಶುವೈದ್ಯರಿಗೆ ಫೋನು ಮಾಡಿದಾಗ ಅವರು ಹೇಳಿದ್ದೂ ಅದೇ. ಕೈ ಹಚ್ಚಬೇಡಿ, ತೇವ ಹೆಚ್ಚಿಸಿ, ಸಾಮಾನ್ಯವಾಗಿ ಮುಂದಿನ ಪೊರೆಯ ಜೊತೆ ಬಂದುಬಿಡುತ್ತದೆ, ಬರದಿದ್ದರೆ ಕರೆದುಕೊಂಡು ಬನ್ನಿ.

ಮುಂದಿನ ಪೊರೆ ಎಂದರೆ ಐದಾರು ವಾರ. ಅಲ್ಲಿಯವರೆಗೆ ಒಂದು ಕಣ್ಣು ಹಾಗೇ.

ಆ ಮಧ್ಯಾಹ್ನ ಅವನ ನೋಟ್ ಪುಸ್ತಕ ಕೈಗೆ ಸಿಕ್ಕಿತು. ಡಿಸೆಂಬರಿನ ಅಂಕಿಗಳು 61, 63, 60. ಜನವರಿಯಲ್ಲಿ ಮೂರು ದಿನ ಖಾಲಿ. ಆಮೇಲೆ 34, 31, 28. ಕೆಲವು ಕಡೆ ನಡುವೆ 70 ಎಂದಿತ್ತು, ಪಕ್ಕದಲ್ಲಿ ಸ್ಪ್ರೇ ಎಂದು ಬರೆದಿತ್ತು, ಮತ್ತೆ ಮುಂದಿನ ಸಾಲಿನಲ್ಲಿ 30. ಬಾಟಲಿಯಿಂದ ನೀರು ಚಿಮುಕಿಸಿ ಚಿಮುಕಿಸಿ ನೋಡಿದ್ದಾನೆ. ಆ ಪುಟದ ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ಯಂತ್ರ ಪಾಪುವಿಗೆ ಬೇಕು, ಕೇಳಬಾರದು, ಎಂದು ಅದರ ಅರ್ಥ.

ನಾನು ಪುಸ್ತಕ ಹಿಡಿದುಕೊಂಡು ಮಗಳ ಹತ್ತಿರ ಹೋದೆ. ಅವಳು ಓದಿದಳು. ಬೈಯಲಿಲ್ಲ. "ಅವನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ. ಕೇಳಿದ್ದರೆ ಅವನೇ ತಂದುಕೊಡುತ್ತಿದ್ದ" ಎಂದಳು. ಹೌದು, ತಂದುಕೊಡುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅವಳ ತಮ್ಮ ಹುಟ್ಟಿದ ವಾರ, ಅವಳ ಬಣ್ಣದ ಪೆಟ್ಟಿಗೆಯನ್ನು ನಾನು ಯಾರಿಗೋ ಕೊಟ್ಟಿದ್ದೆ. ಅದು ಅವಳಿಗೆ ನೆನಪಿದೆಯೋ ಇಲ್ಲವೋ, ನಾನು ಕೇಳಲಿಲ್ಲ.

ಸಂಜೆ ಅವನ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ, ಪೆಟ್ಟಿಗೆಯಿಂದ ಒಂದು ಮಾರು ದೂರದಲ್ಲಿ. "ಹಾಳೆ ತೆಗೆದದ್ದು ನಾನು. ಯಂತ್ರ ತೆಗೆದದ್ದೂ ನಾನೇ. ತಪ್ಪಾಯ್ತು ಪುಟ್ಟಾ. ಈಗ ಏನು ಮಾಡಬೇಕು, ನೀನು ಹೇಳು, ನಾನು ಮಾಡ್ತೀನಿ" ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಫಸ್ಟು ಉಪ್ಪು ಬೇಕು" ಎಂದ.

ಉಪ್ಪು ಮಾಪಕದ ಪರೀಕ್ಷೆಗೆ. ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ಉಪ್ಪು, ಅದು ಕರಗದೆ ಕೆಸರಾಗುವಷ್ಟು ಮಾತ್ರ ನೀರು. ಅದನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿಟ್ಟು ರಾತ್ರಿಯೆಲ್ಲ ಬಿಟ್ಟರೆ ಬೆಳಗ್ಗೆ ಸರಿಯಾಗಿ 75 ತೋರಿಸಬೇಕು. ಒದ್ದೆ ಉಪ್ಪಿನ ಸುತ್ತಲಿನ ಗಾಳಿಯ ತೇವ ಯಾವಾಗಲೂ ಅಷ್ಟೇ. ಗಾಜಿಗೆ ಅಂಟಿಸಿದ್ದ ಮುಳ್ಳಿನ ಮಾಪಕ 55 ಎಂದಿತು, ಅದನ್ನು ಎಸೆದೆವು. ಅಂಕಿ ತೋರಿಸುವ ಮಾಪಕ 73 ಎಂದಿತು, ಎರಡು ಕೂಡಿಸಿಕೊಂಡರೆ ಆಯಿತು. ನನಗೆ ಅಡುಗೆಮನೆಯ ಉಪ್ಪಿನ ಜಾಡಿ ಕಣ್ಣಮುಂದೆ ಬಂತು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದು, ಬೇಸಿಗೆಯಲ್ಲಿ ಉದುರುದುರಾಗುವುದು. ಗಾಳಿಯ ತೇವ 75 ದಾಟಿದರೆ ಉಪ್ಪು ನೀರು ಕುಡಿಯುತ್ತದೆ. ನಮ್ಮಜ್ಜಿಯ ಕಾಲದಿಂದ ಮನೆಯಲ್ಲೇ ಮಾಪಕ ಇಟ್ಟುಕೊಂಡು, ನಾನು ಶಾಲೆಯಲ್ಲಿ ಅನುಪಾತ ಬರೆಸುತ್ತಿದ್ದೆ!

ಚಿಮುಕಿಸಿದರೆ ಯಾಕೆ ಸಾಲದು ಎಂದು ನಾವಿಬ್ಬರೂ ಕೂತು ಯೋಚಿಸಿದೆವು. ಚಿಮುಕಿಸಿದ ನೀರು ಮೇಲಷ್ಟೇ ಒದ್ದೆ ಮಾಡುತ್ತದೆ, ಮಾಪಕ ಜಿಗಿಯುತ್ತದೆ, ಒಂದು ಗಂಟೆಯಲ್ಲಿ ಎಲ್ಲ ಹಾರಿಹೋಗುತ್ತದೆ. ಹಾಗೆಂದು ದಿನವಿಡೀ ಚಿಮುಕಿಸಿದರೆ ಹಾವು ಒದ್ದೆಯ ಮೇಲೇ ಮಲಗಿ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಎದೆ ಕಟ್ಟುವುದೂ ಉಂಟು. ತೇವ ಬೇಕು, ಒದ್ದೆ ಬೇಡ. ಪೆಟ್ಟಿಗೆಯ ತಳದಲ್ಲಿ ಹರಡಿದ್ದು ತೆಂಗಿನ ನಾರಿನ ಪುಡಿ. ಇಟ್ಟಿಗೆಯ ಹಾಗೆ ಒತ್ತಿ ಮಾರುವ ಅದರ ಪೊಟ್ಟಣದ ಮೇಲೆ ನೋಡಿದರೆ, ಭಾರತದ್ದು. ತಿಪಟೂರಿನವಳಿಗೆ ತೆಂಗಿನ ನಾರಿನ ಮುಂದೆ ಸಂಕೋಚವೇ? ನಮ್ಮ ಮಾವನವರು ತೋಟದಲ್ಲಿ ಮರಗಳ ಸುತ್ತ ಗುಂಡಿ ತೆಗೆಸಿ ಕಾಯಿ ಸಿಪ್ಪೆ ಹೂಳಿಸುತ್ತಿದ್ದರು. ಮಳೆಗಾಲದಲ್ಲಿ ಸಿಪ್ಪೆ ನೀರು ಕುಡಿದಿಟ್ಟುಕೊಂಡರೆ ಬೇಸಿಗೆಯಲ್ಲಿ ಬೇರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೇಲೆ ಮಣ್ಣು ಒಣಗಿದ್ದರೂ ಕೆಳಗೆ ತಂಪು. "ಇದನ್ನೂ ಹಾಗೇ ಮಾಡೋಣ ಕಣೋ" ಎಂದೆ. ಪುಡಿಯನ್ನು ನಾಲ್ಕು ಬೆರಳಿನಷ್ಟು ದಪ್ಪ ಹರಡಿದೆವು. ನೀರನ್ನು ಮೇಲೆ ಚಿಮುಕಿಸದೆ ನಾಲ್ಕು ಮೂಲೆಯಲ್ಲಿ ಮೆಲ್ಲಗೆ ಹೊಯ್ದೆವು, ತಳಕ್ಕೆ ಇಳಿಯಲಿ ಎಂದು. ಮೇಲ್ಮೈ ಒಣಗಿಯೇ ಉಳಿಯಿತು. ಮುಚ್ಚಳಕ್ಕೆ ಹೊಸ ಹಾಳೆ. ಅಗಲ ಬಾಯಿಯ ನೀರಿನ ಬಟ್ಟಲು. ಒಂದು ಡಬ್ಬಿಗೆ ತೂತು ಕೊರೆದು ಒಳಗೆ ಹಿಂಡಿದ ಒದ್ದೆ ಪಾಚಿ ತುಂಬಿ, ಪೊರೆ ಬಿಡುವಾಗ ಹೊಕ್ಕು ಕೂರಲು ಒಂದು ಬಾಣಂತಿ ಕೋಣೆ. ಹಾಗೆ ಹೆಸರಿಟ್ಟದ್ದು ಅವನೇ. ಸೋಮವಾರ ಅಳಿಯಂದಿರು ಇನ್ನೊಂದು ಯಂತ್ರವನ್ನೂ ತಂದರು.

ಆಫ್ರಿಕದಲ್ಲಿ ಈ ಹಾವು ಎಲ್ಲಿರುತ್ತದೆ ಎಂದು ಒಂದು ದಿನ ಕೇಳಿದೆ. ಬಯಲಿನಲ್ಲಿ, ಇಲಿಯ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಎಂದು ಪುಸ್ತಕ ತೆಗೆದು ತೋರಿಸಿದ. ಹೊರಗೆ ಬಿಸಿಲು ಕಾದರೂ ಹುತ್ತದ ಒಳಗೆ ಗೆದ್ದಲು ತೇವ ಕಾಪಾಡಿಕೊಂಡಿರುತ್ತದೆ. ನಮ್ಮ ನಾಗಪ್ಪ ಹುತ್ತ ಸೇರುವುದಕ್ಕೂ ಇದೂ ಒಂದು ಕಾರಣ ಇರಬೇಕು. ನಾವು ಅಲ್ಲಿಗೆ ಹಾಲು ಸುರಿಯುತ್ತೇವೆ. ಇರಲಿ, ಆ ವಿಚಾರ ನಮ್ಮ ಬೀದಿಯಲ್ಲಿ ಹೇಳಿದರೆ ನನಗೆ ಅರಿಶಿನ ಕುಂಕುಮಕ್ಕೆ ಕರೆ ಬರುವುದಿಲ್ಲ.

ಆಮೇಲೆ ಅಂಕಿ ಬರೆಯುವ ಕೆಲಸದಲ್ಲಿ ಬೆಳಗಿನದು ಅವನದು, ಮಧ್ಯಾಹ್ನದ್ದು ನನ್ನದು. 58, 62, 64. ಮುಟ್ಟಿದೆಯಾ ಎಂದು ಕೇಳುತ್ತೀರಿ. ಒಂದು ಸಲ, ಬಾಲದ ಹತ್ತಿರ, ಒಂದು ಬೆರಳಿನಿಂದ. ತಣ್ಣಗೆ, ಒಣಗಿ, ಸವೆದ ರೇಷ್ಮೆ ಸೀರೆಯ ಸೆರಗಿನ ಹಾಗಿತ್ತು. ಲೋಳೆ ಇರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ನಾನು ಹೊರಡುವ ದಿನವೂ ಎಡಗಣ್ಣು ಮಬ್ಬಾಗಿಯೇ ಇತ್ತು. ವಿಮಾನದಲ್ಲಿ ನಡುನಡುವೆ ನೆನಪಾಗಿದ್ದು ಕೂಸಿನ ಮುಖ, ಆಮೇಲೆ ಆ ಕಣ್ಣು.

ಮಾರ್ಚಿ ಮೊದಲ ವಾರ. ಬೆಳಗ್ಗೆ ಶಾಲೆಗೆ ಹೊರಡುವ ಗಡಿಬಿಡಿ, ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಫೋನು ಬಂತು, ಮುಖ ಕಾಣುವ ಫೋನು. ಹುಡುಗ ಏನೋ ಉದ್ದನೆಯದನ್ನು ಎರಡೂ ಕೈಯಲ್ಲಿ ದೀಪಕ್ಕೆ ಎದುರಾಗಿ ಹಿಡಿದಿದ್ದ. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಎಲ್ಲೂ ಹರಿದಿಲ್ಲ. "ತಲೆ ಹತ್ತಿರ ನೋಡು ಅಜ್ಜಿ" ಎಂದು ಹತ್ತಿರ ತಂದ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಗಾಜಿನ ಬಿಲ್ಲೆ. ಎಡಗಡೆಯದು ಸ್ವಲ್ಪ ದಪ್ಪ, ಒಂದರೊಳಗೊಂದು ಎರಡು ಕೂತಿದ್ದವು. ನಮ್ಮವರನ್ನು ಕೂಗಿ ಕರೆದು ತೋರಿಸಿದೆ. ಹುಳಿ ತಳ ಹಿಡಿಯಿತು.

ಚಕ್ಕುಲಿಯನ್ನೂ ತೋರಿಸಿದ. ಎರಡು ಕರಿಮಣಿ.

"ನಮ್ಮಲ್ಲಿ ಅರವತ್ತಾರು ಇದೆ. ನಿಮ್ಮಲ್ಲಿ ಎಷ್ಟಿದೆ ಅಜ್ಜಿ?" ಎಂದು ಕೇಳಿದ. ನಮ್ಮ ಮನೆಯಲ್ಲಿ ಮಾಪಕ ಎಲ್ಲಿಂದ ಬರಬೇಕು? "ತಡಿ ಪುಟ್ಟಾ" ಎಂದು ಫೋನು ಹಿಡಿದೇ ಅಡುಗೆಮನೆಗೆ ಹೋಗಿ ಉಪ್ಪಿನ ಜಾಡಿಯ ಮುಚ್ಚಳ ತೆಗೆದು ಬೆರಳಾಡಿಸಿದೆ. ಉದುರುದುರಾಗಿತ್ತು.

"ಎಪ್ಪತ್ತೈದಕ್ಕಿಂತ ಕಡಿಮೆ" ಎಂದೆ.

"ಬರೆದುಕೊಂಡೆ" ಎಂದ.